ಮಣ್ಣಿನ ಕುಡಿಕೆಯಲ್ಲಿ ಎರಡು ಮೊಟ್ಟೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಿಂದೆ ಒಬ್ಬ ಬಡಗಿ ಇದ್ದಾನೆ ಎಂದೇ ತಿಳಿದಿದ್ದೆ. ಕಲ್ಕತ್ತೆಯ ಅಲಿಪುರದಲ್ಲಿ ಅಪ್ಪನಿಗೆ ಬ್ಯಾಂಕಿನವರು ಕೊಟ್ಟ ಮನೆ ಅದು. ಎಪ್ಪತ್ತರ ದಶಕದ ಶುರು. ಹಿಂದುಗಡೆ ಯಾರೂ ವಾಸವಿಲ್ಲದ ಹಳೆಯ ಬಂಗಲೆಯ ತೋಟ: ಮಾವು, ಬಿದಿರು, ಕಾಲಿಟ್ಟರೆ ಸರಸರ ಎನ್ನುವ ಒಣ ಎಲೆ. ಸಂಜೆ ಬೆಳಕು ಇಳಿಯುತ್ತಿದ್ದಂತೆ ಅಲ್ಲಿಂದ ಟೊಂಕ್, ಟೊಂಕ್, ಟೊಂಕ್ ಎಂದು ಹಲಗೆಗೆ ಸುತ್ತಿಗೆ ಬಡಿದಂತೆ ಸದ್ದು ಬರುತ್ತಿತ್ತು.

"ಅದು ಬಡಗಿ ಅಲ್ಲ ಮಾರಾಯ, ನತ್ತಿಂಗ ಹಕ್ಕಿ," ಎಂದು ತಿಳಿಸಿದವರು ಅಪ್ಪ. "ಹಗಲಿಡೀ ನಿದ್ದೆ, ಸಂಜೆ ಮೇಲೆ ಕೆಲಸ. ನಮ್ಮ ಆಫೀಸಿನಲ್ಲೂ ಅಂಥವನೊಬ್ಬ ಉಂಟು."

ಒಂದು ಬೇಸಿಗೆಯ ಮಧ್ಯಾಹ್ನ ಚೆಂಡು ಹುಡುಕುತ್ತ ತೋಟಕ್ಕೆ ನುಗ್ಗಿದೆ. ಪೊದೆಯ ಕೆಳಗಿನ ಒಣ ಎಲೆಗಳಲ್ಲಿ ಒಂದು ಹಿಡಿಯಷ್ಟು ಸದ್ದಿಲ್ಲದೆ ಎದ್ದು ಹಾರಿಹೋಯಿತು. ಅದೇ ನತ್ತಿಂಗ. ಅದು ಕೂತಿದ್ದ ಜಾಗದಲ್ಲಿ ಎರಡು ಮೊಟ್ಟೆ. ನಸುಗೆಂಪು, ಮೇಲೆ ಮಸಿ ಒರೆಸಿದಂತಹ ಕಲೆ. ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಬಿಸಿ. ಗೂಡು ಇರಲಿಲ್ಲ. ಒಂದು ಕಡ್ಡಿಯೂ ಇರಲಿಲ್ಲ.

ನನ್ನ ಪಾಠಪುಸ್ತಕದಲ್ಲಿ ಎಲ್ಲ ಹಕ್ಕಿಗಳಿಗೂ ಗೂಡಿತ್ತು. ಇದಕ್ಕೆ ಮಾತ್ರ ಯಾಕಿಲ್ಲ? ಹೌರಾ ಕಡೆಯ ಆಕಾಶ ಕಪ್ಪಾಗುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಏಳುವ ಬಿರುಗಾಳಿಗೆ ಕಾಲ್‌ಬೈಸಾಖಿ ಎನ್ನುತ್ತಾರೆ. ಅದು ಬಂದರೆ ಈ ಮೊಟ್ಟೆಗಳು ಉಳಿಯುವುದಿಲ್ಲ ಎನಿಸಿತು. ಓಡಿಹೋಗಿ ಅಕ್ಕನನ್ನು ಕರೆತಂದೆ. ಅಂಗಡಿಯಿಂದ ಸಿಹಿ ಮೊಸರು ತಂದಿದ್ದ ಮಣ್ಣಿನ ಕುಡಿಕೆಗೆ ದಿಂಬಿನ ಹತ್ತಿ ತುಂಬಿದೆ.

"ಧ್ಯಾತ್, ತಾಯಿ ಹಕ್ಕಿಗೆ ಇದು ಗೊತ್ತಾಗ್ಲಿಕ್ಕುಂಟಾ?" ಎಂದಳು ಅಕ್ಕ.

"ಇಲ್ಲೇ ಬಿಟ್ರೆ ಗಾಳಿಗೆ ಹೋಗ್ತದೆ."

"ಹೌದಾ, ಪ್ರತಿ ವರ್ಷ ನಿನ್ನನ್ನು ಕೇಳಿಯೇ ಮೊಟ್ಟೆ ಇಡುವುದಾ ಅದು?"

ಹಾಗೆಂದರೂ ಸ್ಟೂಲು ಹಿಡಿದುಕೊಂಡು ನಿಂತಳು. ನಾನು ಮೇಲೇರಿ, ಮೊಟ್ಟೆಗಳನ್ನಿಟ್ಟ ಕುಡಿಕೆಯನ್ನು ಮಾವಿನ ಕವಲಿಗೆ ಸೆಣಬಿನ ಹುರಿಯಿಂದ ಬಿಗಿದೆ.

ಸಂಜೆ ಗಾಳಿ ಕಿಟಕಿಗಳನ್ನು ಬಡಿಯಿತು. ದೀಪ ಹೋಯಿತು. ಒದ್ದೆ ಮಣ್ಣಿನ ವಾಸನೆ ಮನೆಯೆಲ್ಲ ತುಂಬಿತು. ಲಾಂದ್ರದ ಬೆಳಕಿನಲ್ಲಿ ಅನ್ನ ಸಾರು ಉಣ್ಣುತ್ತ ನಾನು ಹೆಮ್ಮೆಯಿಂದ ಕೂತಿದ್ದೆ.

ಬೆಳಿಗ್ಗೆ ನೋಡಿದರೆ ಕುಡಿಕೆಯ ತುಂಬ ಮಳೆನೀರು. ನೆನೆದ ಹತ್ತಿಯ ಅಡಿಯಲ್ಲಿ ಮೊಟ್ಟೆಗಳು ಮುಳುಗಿದ್ದವು. ಪೊದೆಯ ಕೆಳಗೆ ಮಾತ್ರ ಎಲೆಗಳು ಗರಿಗರಿ ಒಣಗಿಯೇ ಇದ್ದವು; ಗಾಳಿ ಮಳೆ ಎರಡೂ ಮೇಲಿನಿಂದಲೇ ಹೋಗಿದ್ದವು. ಅಲ್ಲಿ ಕಣ್ಣು ಅರೆಮುಚ್ಚಿ ಹಕ್ಕಿ ಕೂತಿತ್ತು. ನಾನು ಹತ್ತಿರ ಹೋದಾಗ ಎದ್ದಿತು. ಅದರ ಕೆಳಗೆ ಏನೂ ಇರಲಿಲ್ಲ.

ಮೊಟ್ಟೆಗಳನ್ನು ಅಂಗಿಗೆ ಒರೆಸಿ ಅದೇ ಜಾಗದಲ್ಲಿಟ್ಟೆ. ಬೆಣಚುಕಲ್ಲಿನಂತೆ ತಣ್ಣಗಿದ್ದವು. ಬಿದಿರಿನ ಮರೆಯಲ್ಲಿ ಕಾದೆ. ಹಕ್ಕಿ ಬಂದು ಪಕ್ಕದಲ್ಲಿ ಇಳಿಯಿತು, ಸ್ವಲ್ಪ ಹೊತ್ತು ಇದ್ದು ಹೋಯಿತು.

ಸಂಜೆ ಅಪ್ಪ ಆಫೀಸಿನ ಬಟ್ಟೆಯಲ್ಲೇ ಬಂದು ಪೊದೆಯ ಬಳಿ ಕುಕ್ಕರಗಾಲಿನಲ್ಲಿ ಕೂತರು.

"ಅದು ಜಾಗ ನೋಡಿಯೇ ಇಟ್ಟದ್ದು," ಎಂದರು.

"ಇನ್ನು ಮರಿ ಆಗ್ತದಾ ಅಪ್ಪ?"

"ಇಲ್ಲ ಮಗ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಮೂರು ದಿನ ಹೋಗಿ ನೋಡಿದೆ. ನಾಲ್ಕನೆಯ ದಿನ ಇರುವೆಗಳು ಸಾಲಾಗಿ ಬಂದಿದ್ದವು. ಮತ್ತೆ ಹೋಗಲಿಲ್ಲ.

ಮಕ್ಕಳೇ, ನತ್ತಿಂಗ ಗೂಡು ಕಟ್ಟುವುದಿಲ್ಲ, ಅದರ ಮೊಟ್ಟೆ ಕದಲಿಸಬಾರದು ಎಂದು ನಿಮ್ಮ ಫೋನು ಕ್ಷಣದಲ್ಲಿ ಹೇಳಿಬಿಡುತ್ತದೆ. ನನಗೆ ಅಂದು ಹೇಳುವವರು ಇರಲಿಲ್ಲ. ಆದರೆ ನಿಮ್ಮ ಕಟ್ಟಡದ ಸುತ್ತ ಬಿದ್ದ ಎಲೆಗಳನ್ನು ನೀವು ಏಳುವ ಮೊದಲೇ ಗುಡಿಸಿ ಚೀಲಕ್ಕೆ ತುಂಬುತ್ತಾರೆ. ನತ್ತಿಂಗಕ್ಕೆ ಮೊಟ್ಟೆ ಇಡಲು ಕೆಳಗೆ ಉಳಿಯುವುದು ತೊಳೆದ ಸಿಮೆಂಟು.