ಇಟಲಿಗೆ ಹೋಗುವ ಮುಂಚೆ ಒಂದು ಶುಕ್ರವಾರ

ನಸುಕಿಗೆ ಏಳುವ ಪೈಕಿಯವಳಲ್ಲ ನಾನು. ಅದೂ ಶುಕ್ರವಾರ, ಕುವೈತಿನ ವಾರದ ರಜೆಯ ದಿನ! ಆದರೆ ಸಂಗಪ್ಪನವರ ಕೆಲಸ ಕಣ್ಣಾರೆ ನೋಡಬೇಕೆಂದರೆ ಬಿಸಿಲೇರುವ ಮೊದಲೇ ಬರಬೇಕಂತೆ. ಹಾಗಾಗಿ ಗೊಣಗಿಕೊಂಡೇ ಎದ್ದು ಬಂದು ಬ್ನೇದ್ ಅಲ್ ಗಾರ್‌ನ ಕಡಲದಂಡೆಯ ಕಾಲುದಾರಿಯಲ್ಲಿ ಆಕಳಿಸುತ್ತಾ ನಿಂತಿದ್ದೇನೆ. ಮೇ ತಿಂಗಳು. ಗಾಳಿ ಈಗಲೇ ಬೆಚ್ಚಗಿದೆ.

ನನ್ನೆದುರಿಗೆ ಒಂದು ಕುಟುಂಬ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಪ್ರೀತಮ್, ಹೆಂಡತಿ ಶ್ರುತಿ, ಆರನೇ ಕ್ಲಾಸಿನ ಮಗಳು ಅನ್ವಿತಾ, ಮತ್ತೆ ಆರು ತಿಂಗಳ ಹಿಂದೆ ಮಂಡ್ಯದಿಂದ ಬಂದು ಮಗನ ಮನೆ ಸೇರಿರುವ ತಾಯಿ ಅನಸೂಯಮ್ಮ. ಎಲ್ಲರ ಬೆನ್ನಿಗೂ ಚೀಲ. ಒಂದರಲ್ಲಿ ನೀರು, ಒಂದರಲ್ಲಿ ಕೊಡೆ, ಒಂದರಲ್ಲಿ ಚಿತ್ರಾನ್ನದ ಡಬ್ಬಿ. ಅವರ ಮುಂದೆ ತೋಳು ಮಡಚಿದ ಬಿಳಿ ಅಂಗಿ, ಸವೆದ ಕ್ಯಾನ್ವಾಸ್ ಬೂಟಿನ ಸಂಗಪ್ಪ. ವಯಸ್ಸು ಐವತ್ತರ ಆಚೀಚೆ.

"ಯಲ್ಲಾ, ಹೊಂಡ್ರಿ! ಈಗ ನೀವು ರೈಲಿಂದ ಇಳದೀರಿ ಅಂತ ತಿಳ್ಕೊರ್ರಿ. ಇದು ಇಟಲಿ. ಬಲಕ್ಕ ಸಮುದ್ರ ಐತಿ. ಅವಸರ ಮಾಡಬ್ಯಾಡ್ರಿ, ಆದ್ರ ನಿಲ್ಲಬ್ಯಾಡ್ರಿ. ನಡೀರಿ ನೋಡೋಣು," ಎನ್ನುತ್ತಾರೆ.

ಕುಟುಂಬ ನಡೆಯತೊಡಗುತ್ತದೆ. ಸಂಗಪ್ಪ ಸ್ವಲ್ಪ ಹಿಂದೆ ಉಳಿದು ಅವರ ಕಾಲುಗಳನ್ನೇ ನೋಡುತ್ತಾ ಬರುತ್ತಾರೆ. ಯಾರು ಮೊದಲು ನೀರು ಕೇಳಿದರು, ಯಾರು ಶೂ ಬಿಚ್ಚಿ ನೋಡಿಕೊಂಡರು, ಯಾರು ಯಾರ ಮೇಲೆ ಸಿಡುಕಿದರು, ಎಲ್ಲವೂ ಅವರಿಗೆ ಬೇಕು. ನನಗಂತೂ ನಗು ತಡೆಯಲಾಗುತ್ತಿಲ್ಲ. ಇಟಲಿಗೆ ಹೋಗುವ ಮುಂಚೆ ಇಟಲಿಯ ತಾಲೀಮು!

ಸಂಗಪ್ಪ ಕುವೈತ್ ನಗರದ ಮಿರ್ಕಾಬಿನ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಪ್ರವಾಸದ ಯೋಜನೆ ಹಾಕಿಕೊಡುವವರು. ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಖಣ ನೇಯುವ ಮನೆತನ. ಮಗ್ಗದ ಕೆಲಸ ಕೈಬಿಟ್ಟು ಹೋದಾಗ, ೧೯೯೭ರಲ್ಲಿ ಇದೇ ಆಫೀಸಿಗೆ ಪಾಸ್‌ಪೋರ್ಟ್ ಹೊರುವ ಆಳಾಗಿ ಬಂದರು. ಯಾರದೋ ಪಾಸ್‌ಪೋರ್ಟ್‌ಗಳನ್ನು ಚೀಲಕ್ಕೆ ಹಾಕಿಕೊಂಡು ರಾಯಭಾರ ಕಚೇರಿಗಳ ಮುಂದೆ ಬಿಸಿಲಲ್ಲಿ ಸರದಿ ನಿಲ್ಲುವುದು, ಠಸ್ಸೆ ಬಿದ್ದ ಮೇಲೆ ತಂದು ಒಪ್ಪಿಸುವುದು. ಹಾಗೆ ನಿಂತೂ ನಿಂತೂ ವೀಸಾದ ಕೆಲಸ ಕಲಿತರು. ಟಿಕೆಟ್ ಮಾಡುತ್ತಿದ್ದ ಕೇರಳದವರು ಊರಿಗೆ ಮರಳಿದಾಗ ಆ ಕುರ್ಚಿ ಇವರ ಪಾಲಿಗೆ ಬಂತು.

ಕುರ್ಚಿ ಬಂದರೂ ಸಂಬಳ ಅದರ ಎತ್ತರಕ್ಕೆ ಏರಲಿಲ್ಲ. ಮನೆಯವರನ್ನು ಕರೆಸಿಕೊಳ್ಳುವ ವೀಸಾಕ್ಕೆ ಬೇಕಾದಷ್ಟು ಸಂಬಳ ಅವರಿಗೆ ಇಂದಿಗೂ ಇಲ್ಲ. ಹೆಂಡತಿ, ಮಕ್ಕಳು, ತಾಯಿ ಗುರುಸಿದ್ದವ್ವ ಎಲ್ಲ ಊರಿನಲ್ಲೇ. ಇವರು ಹವಲ್ಲಿಯಲ್ಲಿ, ಮೊಬೈಲ್ ಅಂಗಡಿಗಳ ಮೇಲಿನ ಹಳೇ ಕಟ್ಟಡದ ಕೋಣೆಯೊಂದನ್ನು ಇನ್ನೂ ಮೂವರೊಂದಿಗೆ ಹಂಚಿಕೊಂಡಿದ್ದಾರೆ. ಎಷ್ಟೋ ಸಂಸಾರಗಳನ್ನು ಯುರೋಪಿಗೆ ಕಳಿಸಿದ ಮನುಷ್ಯ ಯುರೋಪಿನ ಮಣ್ಣು ಮುಟ್ಟಿಲ್ಲ.

"ಹೋಗಬೇಕಂತ ಆಸೆ ಇಲ್ಲಂದ್ರ ಸುಳ್ಳಾಕ್ಕೈತ್ರಿ. ಆದ್ರ ರಜಾ ಸಿಕ್ರ ಮೊದಲ ಊರ ಕಡೆ ಮಾರಿ ಮಾಡ್ತೀನಿ," ಎಂದು ಅವರು ನಗುತ್ತಾರೆ.

ಇಟಲಿಯ ಹುಚ್ಚು ಇಲ್ಲಿನ ಕನ್ನಡಿಗರಿಗೆ ಹತ್ತಿದ್ದು ಒಂದು ಯುಗಾದಿ ಕಾರ್ಯಕ್ರಮದಲ್ಲಿ. ಡಾಕ್ಟರ್ ದಂಪತಿಯೊಬ್ಬರು ಚಿಂಕ್ವೆ ತೆರ್ರೆ ಎಂಬ ಜಾಗದ ಫೋಟೊ ತೋರಿಸಿದ್ದೇ ತಡ, ಮುಂದಿನ ಬೇಸಿಗೆಗೆ ಎಲ್ಲರಿಗೂ ಅದೇ ಬೇಕು. ಬೆಟ್ಟಕ್ಕೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ಕಡಲು, ಸಾಲಾಗಿ ಐದು ಊರುಗಳು, ಊರಿಂದೂರಿಗೆ ಸಣ್ಣ ರೈಲು. ಹತ್ತಿರದ ಲಾ ಸ್ಪೆಜಿಯಾ ಪಟ್ಟಣದಲ್ಲಿ ಉಳಿದುಕೊಂಡರೆ ಒಂದೇ ದಿನದಲ್ಲಿ ನೋಡಿ ಬರಬಹುದು. ಶಾಲೆಗೆ ರಜೆ ಹತ್ತಿರವಾದರೆ ಸಂಗಪ್ಪನವರ ಮೇಜಿನ ಮುಂದೆ ದಿನಕ್ಕೆ ಏಳೆಂಟು ಕುಟುಂಬಗಳು.

ಪ್ರವಾಸ ಮುಗಿಸಿ ಬಂದವರು ಫೋಟೊ ತೋರಿಸಲು ಬರುತ್ತಾರಲ್ಲ, ಅಲ್ಲಿದೆ ಇವರ ಗುಟ್ಟು. "ಸಮುದ್ರ ಬಿಡ್ರಿ. ನಿಮ್ಮ ಹಿಂದ ಕಾಣ್ತೈತಲ್ಲ, ಅದು ಕೂಡೂ ಕಟ್ಟೀನೋ, ಮೆಟ್ಲೋ? ಪಾಯಖಾನಿ ಎಷ್ಟು ದೂರ? ನೆರಳು ಯಾವ ಮಗ್ಗಲಕ್ಕ?" ಎಂದು ಜೀವ ತಿನ್ನುತ್ತಾರೆ. ಮುಂದೆ ಹೋಗುವವರಿಗೆ "ಒಂದು ಫೋಟೊ ಮೆಟ್ಲದ್ದು ತಗೊಂಡು ಬರ್ರಿ" ಎಂದು ತಾಕೀತು ಮಾಡುತ್ತಾರೆ. ಅವರ ಕಂಪ್ಯೂಟರ್ ನೋಡಿ ನಾನು ದಂಗಾದೆ. ಇಟಲಿಯ ಅಷ್ಟು ಚೆಂದದ ಕರಾವಳಿಯಿಂದ ಬಂದ ಚಿತ್ರಗಳಲ್ಲಿ ಬರೀ ಬೆಂಚು, ಕಟ್ಟೆ, ಮೆಟ್ಟಿಲ ಕಂಬಿ, ಬಾಗಿಲು!

ಟಿಕೆಟ್, ವೀಸಾದ ಕೆಲಸ ಆಫೀಸಿನದು. ಈ ಶುಕ್ರವಾರದ ತಾಲೀಮು ಮಾತ್ರ ಸಂಗಪ್ಪನವರದೇ. ಯಾರೂ ಹೇಳಿದ್ದಲ್ಲ, ಅದಕ್ಕೆ ಯಾರೂ ದುಡ್ಡು ಕೊಡುವುದೂ ಇಲ್ಲ. ಯಾಕ್ರೀ ಈ ಉಸಾಬರಿ ಎಂದು ಕೇಳಿದೆ. ಅವರು ಒಂದು ಹಳೇ ಮಾತು ತೆಗೆದರು.

"ಒಮ್ಮೆ ಊರಿಂದ ಟೆಂಪೋ ಮಾಡ್ಕೊಂಡು ಗೋಕರ್ಣಕ್ಕ ಹೋಗಿದ್ವಿ. ಗಾಡಿ ದೂರ ನಿಲ್ಲಿಸಿದ್ರು. ಅವ್ವಗ ಮೊಣಕಾಲ ನೋವು. 'ನೀವು ಹೋಗಿ ಬರ್ರಿ, ನಾ ಚಪ್ಪಲ್ ಕಾಯ್ತೀನಿ' ಅಂದ್ಲು. ನಾವು ಎಲ್ಲಾರೂ ನೀರಾಗ ಕುಣದು ಬಂದ್ವಿ. ಬಂದ ಮ್ಯಾಲ ಅವ್ವ ಕೇಳಿದ್ಲು, 'ಸಮುದ್ರ ಹೆಂಗಿತ್ತೋ?' ಅಂತ. ಅಷ್ಟು ದೂರ ಬಂದು ಚಪ್ಪಲ್ ನೋಡಿ ಹೋದ್ಲಲ್ರಿ ನಮ್ಮವ್ವ."

ಮತ್ತೆ ಅವರೇ ಹೇಳಿದರು: "ಪ್ರತಿ ಮನ್ಯಾಗ ಒಬ್ರು ಚಪ್ಪಲ್ ಕಾಯೋರು ಇರ್ತಾರ್ರಿ. ಅವರನ್ನ ಹುಡುಕೂದ ನನ್ನ ಕೆಲಸ."

ಈ ಮನೆಯಲ್ಲಿ ಅದು ಯಾರೆಂದು ಹುಡುಕಬೇಕಾಗಿಯೇ ಇರಲಿಲ್ಲ. ಪ್ರೀತಮ್ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಅಮ್ಮಂಗೆ ಮಂಡಿ ಪೇಯ್ನ್. ಆ ದಿನ ಹೋಟೆಲ್‌ನಲ್ಲೇ ರೆಸ್ಟ್ ಮಾಡ್ಲಿ. ನಾವು ಫೈವ್ ವಿಲೇಜಸ್ ಕವರ್ ಮಾಡ್ಕೊಂಡು ಬರ್ತೀವಿ." ಅನಸೂಯಮ್ಮನೂ "ಅಯ್ಯೋ ನಂದೇನಪ್ಪಾ, ನೀವು ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೋತೀನಿ" ಎಂದಿದ್ದರು. ಬ್ಯಾಗ್ ನೋಡ್ಕೋತೀನಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸಂಗಪ್ಪ ಪೆನ್ನು ಕೆಳಗಿಟ್ಟು, ಶುಕ್ರವಾರ ಅಜ್ಜಿಯನ್ನೂ ಕರೆತರಲೇಬೇಕು ಎಂದು ಹಟ ಹಿಡಿದರು.

ಈಗ ಕಾಲುದಾರಿಯ ಬೆಂಚಿನ ಮೇಲೆ ಅನಸೂಯಮ್ಮ ಕೂತು ಸುಧಾರಿಸಿಕೊಳ್ಳುತ್ತಿದ್ದಾರೆ. ಮಿಕ್ಕವರು ಮುಂದೆ ಹೋಗಿದ್ದಾರೆ. ಕಾಲಲ್ಲಿ ಹೊಚ್ಚಹೊಸ ಬಿಳಿ ಬೂಟು, ಸೊಸೆಗೆ ಹೇಳಿ ತರಿಸಿಕೊಂಡದ್ದಂತೆ. ಹೋಟೆಲಿನಲ್ಲಿ ಕೂರುವವರು ಬೂಟು ಯಾಕೆ ತರಿಸಿಕೊಳ್ಳುತ್ತಾರೆ ಹೇಳಿ? ಅವರು ದನಿ ತಗ್ಗಿಸಿ ಸಂಗಪ್ಪನವರನ್ನು ಕೇಳುತ್ತಾರೆ: "ಅಲ್ಲಿ ಸಮುದ್ರದ ನೀರು ಕಾಲಿಗೆ ಸಿಗುತ್ತಾ, ಇಲ್ಲಾ ದೂರದಿಂದ ನೋಡೋದೇನಾ? ಇಲ್ಲಿ ಬಂದಾಗಿಂದ ಕಾರಿನ ಗಾಜಿಂದಲೇ ನೋಡಿದ್ದು. ಇವತ್ತು ಹತ್ರ ಬಂದ್ರೆ ಇಲ್ಲೂ ಬರೀ ಬಂಡೆ ಹಾಕವ್ರೆ."

"ಸಿಗತೈತಿ ಬೇ. ಮಾಂಟೆರೊಸ್ಸೊ ಅಂತ ಒಂದು ಊರೈತಿ. ಸ್ಟೇಶನ್ ಹೊರಗ ಬಂದ್ರ ಸಾಕು, ಮುಂದ ಉಸುಕು, ಆಮ್ಯಾಲ ನೀರು," ಎನ್ನುತ್ತಾರೆ ಸಂಗಪ್ಪ. ಅನಸೂಯಮ್ಮ ತಲೆಯಾಡಿಸಿ ಬೂಟಿನ ಲೇಸು ಬಿಗಿ ಮಾಡಿಕೊಳ್ಳುತ್ತಾರೆ.

ಮುಂದಿನ ಪಾಠ ಬಸ್ಸಿನದು. ಅಲ್ಲಿನ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿಯುವುದು ರೂಢಿಯಾಗಲಿ ಎಂದು ಎಲ್ಲರನ್ನೂ ಸಿಟಿ ಬಸ್ ಹತ್ತಿಸುತ್ತಾರೆ. ಇಷ್ಟು ವರ್ಷ ಕುವೈತಿನಲ್ಲಿದ್ದೂ ಬಸ್ಸಿನ ಮೆಟ್ಟಿಲು ತುಳಿಯದ ಪ್ರೀತಮ್, ಪರಿಚಯದವರು ಯಾರಾದರೂ ಕಂಡಾರೆಂದು ತಲೆ ತಗ್ಗಿಸಿ ಕೂರುತ್ತಾರೆ. ಇಳಿಯುವಾಗ ಅವರ ಬೆನ್ನುಚೀಲ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಅನಸೂಯಮ್ಮ ಮಾತ್ರ ಕಂಬಿ ಹಿಡಿದು ಸಲೀಸಾಗಿ ಇಳಿಯುತ್ತಾರೆ. ಮಂಡ್ಯದ ಬಸ್ಸುಗಳಲ್ಲಿ ಪಳಗಿದ ಜೀವ!

ಪ್ರೀತಮ್ ಅವರ ಕಟ್ಟಡದ ಕೆಳಗೆ ಚಿತ್ರಾನ್ನ ತಿನ್ನುತ್ತಾ, ಆ ಐದು ಊರು ನೋಡುವ ದಿನ ಗೊತ್ತು ಮಾಡುವ ಮಾತು ಬರುತ್ತದೆ. "ರವಿವಾರ ಇಟ್ಕೊಳ್ಳೂಣು. ಎಲ್ಲಾರೂ ಡ್ಯೂಟಿಗೆ ಹೋಗಿರ್ತಾರ, ಗದ್ದಲ ಇರೂದಿಲ್ಲ," ಎನ್ನುತ್ತಾರೆ ಸಂಗಪ್ಪ. "ಸಂಡೇ ಬೆಸ್ಟ್," ಎನ್ನುತ್ತಾರೆ ಪ್ರೀತಮ್. ಶ್ರುತಿಯೂ ಹೂಂಗುಟ್ಟುತ್ತಾರೆ. ನಿಜ ಹೇಳುತ್ತೇನೆ, ನಾನೂ ಹೂಂಗುಟ್ಟಿದೆ.

"ಅಲ್ರಪ್ಪಾ," ಎನ್ನುತ್ತಾರೆ ಅನಸೂಯಮ್ಮ, "ಭಾನುವಾರ ಅಲ್ಲಿ ರಜಾ ಅಲ್ವಾ? ಅವರು ಚರ್ಚಿಗೆ ಹೋಗೋ ದಿನ. ಊರಿಗೂರೇ ಸಮುದ್ರದ ಹತ್ರ ಬಂದಿರಲ್ವಾ?"

ತುತ್ತು ಬಾಯಿಗಿಡುತ್ತಿದ್ದವರೆಲ್ಲ ಹಾಗೇ ನಿಂತೆವು. ಶುಕ್ರವಾರ ರಜೆ, ಭಾನುವಾರ ಆಫೀಸು ಎಂದು ವರ್ಷಾನುಗಟ್ಟಲೆ ಬದುಕಿದವರಿಗೆ ಉಳಿದ ಜಗತ್ತಿನ ಭಾನುವಾರವೇ ಮರೆತುಹೋಗಿದೆ! ಸಂಗಪ್ಪ ಹಣೆ ಬಡಿದುಕೊಳ್ಳುತ್ತಾರೆ. "ಅಯ್ಯ ಶಿವನ! ಗೊತ್ತಿದ್ದೂ ತಪ್ಪತೈತಿ ನೋಡ್ರಿ. ಇಷ್ಟು ವರ್ಷ ರವಿವಾರ ಬಂತಂದ್ರ ಡ್ಯೂಟಿಗೆ ಓಡೀನಿ, ನಾಲಿಗಿ ತಾನ ಅಂದಬಿಡತೈತಿ. ಖಲಾಸ್, ಬುಧವಾರ ಹೋಗ್ರಿ." ಆಮೇಲೆ ಪ್ರೀತಮ್ ಕಡೆ ತಿರುಗಿ ಒಂದು ಚುಚ್ಚು ಮಾತು: "ಇಂಥವ್ರನ್ನ ಹೋಟೆಲ್‌ದಾಗ ಬಿಟ್ಟು ಹೊಂಟಿದ್ರಲ್ರಿ ಸಾಹೇಬ್ರ!"

ನಗು ನಿಲ್ಲುವುದರೊಳಗೆ ಕೊನೆಯ ಪರೀಕ್ಷೆ. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಮನೆಗೆ ಹೋಗಬೇಕು. ಕಾವಲಿನ ಹಾರಿಸ್ ಬಾಗಿಲಲ್ಲಿ ನಿಂತು ಇವರಿಗೇನಾಯಿತೆಂದು ನೋಡುತ್ತಿದ್ದಾನೆ. ಅನಸೂಯಮ್ಮ ಪಕ್ಕದ ಕಂಬಿ ಹಿಡಿದು ಮೊದಲ ಮಹಡಿ ಹತ್ತುತ್ತಾರೆ. ಎರಡನೆಯದರ ಅರ್ಧಕ್ಕೆ ಮೊಣಕಾಲು ಸೋಲುತ್ತದೆ. ಮೆಟ್ಟಿಲ ಮೇಲೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಆಗಲ್ಲ ಕಣಪ್ಪ" ಎನ್ನುತ್ತಾರೆ.

"ನೋಡಿ, ನಾನು ಹೇಳ್ಲಿಲ್ವಾ?" ಎನ್ನುತ್ತಾರೆ ಪ್ರೀತಮ್. ಕೆಟ್ಟ ಮಗನಲ್ಲ ಅವರು. ತಾಯಿಯ ನೀರಿನ ಬಾಟಲಿಯನ್ನು ಬೆಳಗ್ಗಿನಿಂದ ತಾವೇ ಹೊತ್ತಿದ್ದಾರೆ. ಅವರಿಗೆ ಭಯ, ಅಷ್ಟೇ.

ಸಂಗಪ್ಪ ಅನಸೂಯಮ್ಮನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. "ಹಂಗಾದ್ರ ಮೂರು ಊರು ಬಿಡೂಣು. ಕೊರ್ನಿಲಿಯಾ ಗುಡ್ಡದ ಮ್ಯಾಲ ಐತಿ, ಅದು ಬ್ಯಾಡ. ಏರಿಳಿತದ ಆ ಇನ್ನೆರಡೂ ಬ್ಯಾಡ. ಮಾಂಟೆರೊಸ್ಸೊ ಮತ್ತ ವೆರ್ನಾಝಾ, ಎರಡ ಸಾಕು. ಎರಡಕ್ಕೂ ಅಜ್ಜಿ ಬರ್ತಾರ."

"ಐದರಲ್ಲಿ ಎರಡೇನಾ? ಅಷ್ಟು ದೂರ ಹೋಗಿ? ಆಫೀಸ್‌ನಲ್ಲಿ ಎಲ್ಲ ಐದೂ ಮಾಡಿದಾರೆ ಸಂಗಪ್ಪ."

"ಐದೂ ಮಾಡೀನಿ ಅಂತ ಹೇಳಾಕ ಹೊಂಟೀರೋ, ಮನಿ ಮಂದಿ ಕೂಡಿ ನೋಡಾಕ ಹೊಂಟೀರೋ?"

ಅನ್ವಿತಾ ಅಜ್ಜಿಯ ಕೆಳಗಿನ ಮೆಟ್ಟಿಲಲ್ಲಿ ಕೂತು, "ಪಪ್ಪಾ, ಇಫ್ ಅಜ್ಜಿ ಈಸ್ ನಾಟ್ ಕಮಿಂಗ್, ಐ ಆಮ್ ಆಲ್ಸೋ ನಾಟ್ ಕಮಿಂಗ್" ಎಂದುಬಿಡುತ್ತಾಳೆ. ಪ್ರೀತಮ್, "ಅಲ್ಲಿ ಹೋದ್ಮೇಲೆ ನೋಡೋಣ" ಎಂದು ಮೇಲೆ ಹತ್ತಿಹೋಗುತ್ತಾರೆ.

ವಾಪಸು ಬರುವಾಗ ಸಂಗಪ್ಪನವರ ಮುಖ ಸಪ್ಪಗಿತ್ತು. "ಪ್ಲಾನ್ ಮಾಡೂದು ನಂದ್ರಿ, ಕರ್ಕೊಂಡು ಹೋಗೂದು ಅವರದ್ದು. 'ಅಲ್ಲಿ ಹೋದ್ಮೇಲೆ ನೋಡೋಣ' ಅಂದವರು ಭಾಳ ಮಂದಿ ಹಿರ್ಯಾರನ್ನ ಹೋಟೆಲ್‌ದಾಗ ಬಿಟ್ಟು ಹೋಗ್ಯಾರ," ಎಂದರು.

ಜುಲೈ ತಿಂಗಳ ಆ ಬುಧವಾರ ನಾನು ಬೇಕೆಂದೇ ಮಿರ್ಕಾಬಿನ ಆಫೀಸಿಗೆ ಬಂದಿದ್ದೇನೆ. ಹೊರಗೆ ಬೆಂಕಿಯಂಥ ಬಿಸಿಲು. ಸಂಗಪ್ಪ ಯಾರಿಗೋ ಟಿಕೆಟ್ ಮಾಡುತ್ತಿದ್ದಾರೆ, ಆದರೆ ಕಣ್ಣು ಮೇಜಿನ ಮೇಲಿನ ಫೋನಿನ ಕಡೆಗೇ. ಚಹಾ ತರಿಸಿದರು, ಅದು ಆರಿತು. "ಈಗ ರೈಲು ಇಳದಿರಬೇಕ್ರಿ," ಎಂದರು ಒಮ್ಮೆ. ಸ್ವಲ್ಪ ಹೊತ್ತಿಗೆ, "ಅಥವಾ ಅಜ್ಜಿ ಹೋಟೆಲ್‌ದಾಗ ಟಿವಿ ನೋಡಾಕತ್ತಾರೋ ಏನೋ," ಎಂದರು.

ಫೋನು ಗುನುಗುಟ್ಟುತ್ತದೆ. ಸಂಗಪ್ಪ ಎತ್ತಿ, ನನಗೂ ಕೇಳಲೆಂದು ಸ್ಪೀಕರ್ ಒತ್ತುತ್ತಾರೆ. ಮೊದಲು ಬರೀ ಗಾಳಿ, ಮಕ್ಕಳ ಕೇಕೆ. ಆಮೇಲೆ ಅನಸೂಯಮ್ಮನ ದನಿ, ದೂರದ ಊರಿಂದ ಮಾತಾಡುವವರೆಲ್ಲ ಕೂಗುವಂತೆ ಕೂಗುತ್ತಾ:

"ಸಂಗಪ್ಪನವ್ರೇ, ನೀರಲ್ಲಿ ನಿಂತಿದೀನಿ ಕಣ್ರೀ! ಸೀರೆಯೆಲ್ಲಾ ಒದ್ದೆ. ನೀವು ಹೇಳಿದ್ರಲ್ಲ, ಹಂಗೇ ಇದೆ, ಸ್ಟೇಶನ್ ಎದುರಿಗೇ!"

"ಕಾಲು ನೋವು ಹೆಂಗೈತಿ ಬೇ? ಪ್ರೀತಮ್ ಸಾಹೇಬ್ರು ಎಲ್ಲಿ?"

"ಅವನಾ? ಅಲ್ಲಿ ಮರಳಲ್ಲಿ ಕೂತವ್ನೆ. ನಮ್ಮೆಲ್ಲರ ಚಪ್ಪಲಿ ಬೂಟು ಕಾಯ್ತಾವ್ನೆ!"

ಸಂಗಪ್ಪ ಹೋ ಎಂದು ನಕ್ಕರು. ನಗುತ್ತಲೇ ಕಣ್ಣು ತುಂಬಿತು, ಅದನ್ನು ಅಂಗಿಯ ತೋಳಿನಿಂದ ಒರೆಸಿಕೊಂಡರು. ಟಿಕೆಟಿಗೆ ಕಾದಿದ್ದವರು ಏನಾಯಿತೆಂದು ತಿಳಿಯದೆ ತಾವೂ ನಕ್ಕರು.

ಫೋನ್ ಇಟ್ಟ ಮೇಲೆ, ಇಟಲಿಗೆ ನೀವೂ ಒಮ್ಮೆ ಹೋಗಬೇಕು ಸಂಗಪ್ಪನವರೇ ಎಂದೆ. ಅವರು ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಲೋಟ ಇಟ್ಟರು.

"ಇಟಲಿ ಇರಲಿ ಬಿಡ್ರಿ. ಡಿಸೆಂಬರ್‌ದಾಗ ಊರಿಗೆ ಹೊಂಟೀನಿ. ಅವ್ವನ್ನ ಗೋಕರ್ಣಕ್ಕ ಕರ್ಕೊಂಡು ಹೋಗ್ತೀನಿ. ಗಾಡಿ ಎಲ್ಲಿ ಮಟ ಹೋಗತೈತಿ, ಎಲ್ಲಿ ಕೂಡಬೇಕು, ಎಲ್ಲಾ ಕೇಳಿ ಇಟ್ಟೀನಿ. ಈ ಸಲ ಆಕಿ ನೀರಿಗಿ ಇಳೀಲಿ. ಚಪ್ಪಲ್ ನಾ ಕಾಯ್ತೀನಿ."