ತಾಬೇತಾ ಅತ್ತೆಯ ಕಪ್ಪು ಮಣ್ಣು

ನನ್ನ ಅತ್ತೆ ತಾಬೇತಾ ಜೀವಮಾನವೆಲ್ಲ ಮಾಡಿದ್ದು ಒಂದೇ ವಸ್ತು, ಮಣ್ಣು. ನಮ್ಮ ಬುತಾರಿತಾರಿ ದ್ವೀಪದಲ್ಲಿ ಎಲ್ಲಿ ಕಾಲಿಟ್ಟರೂ ಹವಳದ ಬಿಳಿ ಮರಳು. ಅದರ ನಡುವೆ ಆಳೆತ್ತರದ ಒಂದು ಗುಂಡಿ, ತಳದಲ್ಲಿ ಸಿಹಿನೀರು, ನೀರಲ್ಲಿ ನಿಂತ ಬಬಾಯ್ ಗಿಡಗಳು. ಕೆಸುವಿನ ಜಾತಿಯೇ, ಆದರೆ ಒಂದೊಂದು ಎಲೆಯ ಕೆಳಗೆ ಇಬ್ಬರು ಮಳೆಗೆ ನಿಲ್ಲಬಹುದು. ಗಿಡದ ಸುತ್ತ ತಳವಿಲ್ಲದ ಕೇದಗೆ ಬುಟ್ಟಿ ಹೆಣೆದು, ಅದರೊಳಗೆ ಎಲೆ ತುಂಬಿ ಕೊಳೆಸಿ, ಅತ್ತೆಯ ಅಜ್ಜಿಯ ಕಾಲದಿಂದ ಅಲ್ಲಿ ಕಪ್ಪು ಮಣ್ಣು ಬೆಳೆದಿದೆ. ಬೆಳೆದಿದೆ ಎಂದೇ ನಾವು ಹೇಳುವುದು.

ಯಾವ ಎಲೆ, ಎಷ್ಟು ಬಾಡಿಸಿದ್ದು, ಯಾವುದರ ಮೇಲೆ ಯಾವುದು ಎಂಬುದು ಮನೆತನದ ಗುಟ್ಟು. ರಕ್ತ ಹಂಚಿಕೊಂಡವರಿಗಲ್ಲದೆ ಹೇಳುವಂತಿಲ್ಲ. ಬೇರೆಯವರ ಗುಂಡಿಗೆ ಇಣುಕಿದರೂ ಜಗಳ. ಅತ್ತೆಗಿದ್ದ ಒಬ್ಬನೇ ಮಗ, ಅಂದರೆ ನನ್ನ ಗಂಡ, ದೋಣಿ ಬಿಟ್ಟರೆ ಬೇರೇನೂ ಬೇಡದವನು, ಕೆಸರು ಕಂಡರೆ ಮೂಗು ಮುರಿಯುವವನು. ನಾನೋ ದಕ್ಷಿಣದ ತಮಾನಾ ದ್ವೀಪದಿಂದ ಬಂದ ಸೊಸೆ. ಹದಿನಾಲ್ಕು ವರ್ಷ ಬುಟ್ಟಿ ಹೊತ್ತರೂ ಅತ್ತೆ ನನ್ನನ್ನು ಗುಂಡಿಯ ಅಂಚಿನಲ್ಲೇ ನಿಲ್ಲಿಸುತ್ತಿದ್ದಳು.

"ಅಲ್ಲೇ ಇಡೇ ತಮಾನಾದವಳೇ. ಆ ಕಡೆ ತಿರುಗಿ ನಿಂತ್ಕೋ."

"ನಾನು ನೋಡಿದ್ರೆ ನಿಮ್ಮ ಗಿಡ ನಾಚ್ಕೊಳ್ಳುತ್ತಾ ಅತ್ತೆ?"

"ನಾಚ್ಕೊಳ್ಳೋದು ನಿನಗೆ ಬಂದ್ರೆ ಸಾಕು."

ಮೈ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅತ್ತೆಯ ಕಣ್ಣು ಮಂಜಾಯಿತು, ಎರಡು ವರ್ಷದಲ್ಲಿ ಪೂರ್ತಿ ಹೋಯಿತು. ಗುಂಡಿಗೆ ಇಳಿಯಲಾರದೆ ಅಂಚಿನಲ್ಲಿ ಕೂತು ಎಲೆಗಳ ಸದ್ದು ಕೇಳುತ್ತಿದ್ದಳು. ಗಿಡಗಳು ಹಳದಿಯಾಗತೊಡಗಿದವು. ನಾನು ಹೇಳದಿದ್ದರೂ ಆ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತೇನೋ. ಗುಟ್ಟು ಅವಳ ಜೊತೆಗೇ ಹೋದರೆ ಗುಂಡಿಯೂ ಹೋಯಿತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಆ ವರ್ಷ ಚರ್ಚಿನ ಹೆಂಗಸರು ಮನೆಮನೆಯ ಅಂಗಳ ನೋಡಲು ಬರುವವರಿದ್ದರು. ಒಂದೆಲೆಯೂ ಕಾಣದಂತೆ ಗುಡಿಸಿ ಸುಡುವುದು ನಮ್ಮೂರಿನ ಮರ್ಯಾದೆ. ಮನೆಯ ಹಿಂದೆ ತೆಂಗಿನ ಗರಿ ಮುಚ್ಚಿದ ಒಂದು ರಾಶಿ ಇತ್ತು. ಕಸವೆಂದುಕೊಂಡು ಬೆಂಕಿ ಇಟ್ಟೆ. ಅಷ್ಟು ಸಾಲದೆಂದು ಬೂದಿಯನ್ನು ಕದ್ದು ಒಯ್ದು ಬಬಾಯ್ ಬುಡಕ್ಕೆ ಸುರಿದೆ. ತವರಿನಲ್ಲಿ ಕುಂಬಳಕ್ಕೆ ಹಾಗೆ ಮಾಡುತ್ತಿದ್ದೆವು. ಗಿಡ ಹಸಿರಾದರೆ ಅತ್ತೆ ಒಮ್ಮೆಯಾದರೂ ಹೊಗಳುತ್ತಾಳೆಂಬ ಆಸೆ ನನಗೆ.

ಹೊಗೆ ಅವಳ ಮೂಗಿಗೆ ಬಡಿಯಿತು. ಗೋಡೆ ತಡವುತ್ತಾ ಬಂದಳು.

"ಏನೇ ಅದು ಸುಟ್ಟಿದ್ದು?"

"ಹಿಂದಿನ ಕಸ, ಅತ್ತೆ."

ಅವಳು ನಿಂತಲ್ಲೇ ಕುಸಿದು ಕೂತಳು. "ಐದು ವರ್ಷದ ಎಲೆ ಕಣೇ ಅದು. ಮಣ್ಣಿಗೆ ಹೋಗೋದನ್ನ ಒಂದು ಮಧ್ಯಾಹ್ನಕ್ಕೆ ಗಾಳಿಗೆ ಕೊಟ್ಟೆಯಲ್ಲೇ."

"ಬೂದಿ ಗಿಡಕ್ಕೇ ಹಾಕಿದೀನಿ..."

"ಅಯ್ಯೋ ಪುಣ್ಯಾತಗಿತ್ತಿ! ಮೊದಲೇ ಸುಣ್ಣದ ನೆಲ, ಬೂದಿ ಅಂದ್ರೆ ಅದಕ್ಕೆ ಮೇಲಿಂದ ಇನ್ನಷ್ಟು ಸುಣ್ಣ ಸುರಿದ ಹಾಗಲ್ವೇನೇ?"

ಮೂರು ದಿನ ಅವಳು ನಾನು ಕೊಟ್ಟ ಮೀನನ್ನು ಮುಟ್ಟಲಿಲ್ಲ. ನಾಲ್ಕನೆಯ ಬೆಳಗ್ಗೆ ಗುಂಡಿಯ ಹತ್ತಿರ ಕರೆದುಕೊಂಡು ಹೋಗು ಎಂದಳು. ಕೂರಿಸಿದೆ. ಎಲೆಗಳಡಿಯ ಹಸಿರು ಬೆಳಕು ನೀರಿನ ಮೇಲೆ ನಿದ್ದೆ ಹೋದಂತಿತ್ತು. ಅತ್ತೆ ಗುಂಡಿಯೊಳಗೆ ಮುಖ ಬಾಗಿಸಿದಳು.

"ಕೇಳು ಮಗಾ," ಎಂದಳು, ಗಿಡಕ್ಕೆ. "ಮೊದಲು ಆ ಬೂದಿ ಬಾಚಿ ತೆಗಿ. ಮೇಲೆ ಮೇಲೆ ಅಷ್ಟೇ, ಕೆಸರು ಕೆದಕಬೇಡ. ಕೆದಕಿ ಬಿಸಿಲು ತೋರಿಸಿದ್ರೆ ಮಣ್ಣಿನ ಕಪ್ಪು ಹಾರಿಹೋಗುತ್ತೆ. ಆಮೇಲೆ ತುಕ್ಕು ಹಿಡಿದ ಮೀನಿನ ಡಬ್ಬಿ ಪುಡಿಮಾಡಿ ಹಾಕು, ಹಳದಿ ಇಳಿಯುತ್ತೆ. ಅದರ ಮೇಲೆ ಕೌರಾ ಗಿಡದ ಎಲೆ, ಹೂವಿನ ಸಮೇತ. ಜೀಗುಜ್ಜೆ ಎಲೆ ಕೊನೆಗೆ."

ಗಿಡ ಎಲ್ಲಿಂದ ಡಬ್ಬಿ ತರುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳ ದನಿ ನೀರಿಗಿಳಿದು ಮತ್ತೆ ಮೇಲೆ ಬರುತ್ತಿತ್ತು. ಯಾವ ಎಲೆಯನ್ನು ಯಾವ ಅಜ್ಜಿ ತಂದಳು, ಯಾರು ಯಾವ ಬುಟ್ಟಿ ತುಂಬಿದಳು ಎಂದು ಒಬ್ಬೊಬ್ಬರ ಹೆಸರೂ ಹೇಳಿದಳು. ಆ ಹೆಂಗಸರೆಲ್ಲ ಸೊಂಟಕ್ಕೆ ಬುಟ್ಟಿಯಿಟ್ಟು ಒಬ್ಬರ ಹಿಂದೊಬ್ಬರು ಗುಂಡಿಗೆ ಇಳಿಯುತ್ತಿರುವಂತೆ ನನಗೆ ಕಂಡಿತು. ಅಳು ಬಂತು, ಸದ್ದಾಗದಂತೆ ಕಣ್ಣೊರೆಸಿಕೊಂಡೆ.

"ನೀನೇನಾದ್ರೂ ಕೇಳಿಸ್ಕೊಂಡ್ಯಾ?" ಎಂದಳು ಕೊನೆಗೆ.

"ಇಲ್ಲ ಅತ್ತೆ. ಗಾಳಿ ಜೋರಿತ್ತು."

ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮರುದಿನ ಬೂದಿ ಬಾಚಿ ತೆಗೆದೆ. ಸಂಜೆಗೆ ಒಂದು ಬುಟ್ಟಿ ಕೌರಾ ಎಲೆ ತಂದು ಅವಳ ಮುಂದಿಟ್ಟೆ. ಅವಳು ಹಿಡಿಯಷ್ಟು ತೆಗೆದು ಅಂಗೈಯಲ್ಲಿ ಉಜ್ಜಿ ಮೂಸಿದಳು.

"ಇನ್ನೂ ಹಸಿ. ಎರಡು ದಿನ ನೆರಳಲ್ಲಿ ಬಾಡಲಿ."

ಅದೂ ಗಿಡಕ್ಕೆ ಹೇಳಿದ್ದೇನೋ ಎಂಬಂತೆ ನಾನು ಆ ಕಡೆ ತಿರುಗಿ ಕೂತೆ. ಅತ್ತೆ ಕೈ ಚಾಚಿ ನನ್ನ ಮಣಿಕಟ್ಟು ಹುಡುಕಿ ಹಿಡಿದಳು.

"ಗಿಡಕ್ಕಲ್ಲ ಕಣೇ. ನಿನಗೇ ಹೇಳ್ತಿರೋದು."