ಬೇಲಿಯಾಚೆಯ ಭಾಗಾಕಾರ

ನಾವಿರುವ ವಿದೇಶದ ಊರು ಹ್ಯಾಮಿಲ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಧಾರವಾಡದ ಕಡೆಯವರು. ಕೊರೋನಾ ಹಬ್ಬಿದ್ದ ದಿನಗಳಲ್ಲಿ, ನಾನು ಬಟ್ಟೆ ಒಣಹಾಕುವ ಹೊತ್ತಿಗೆ ಸರಿಯಾಗಿ ಬೇಲಿಯ ಹತ್ತಿರ ಬಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತಿದ್ದರು. ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಹಾಳೆಯ ಅಂಚಿನಲ್ಲಿ ಅಂದಿನ ಸಾವುಗಳನ್ನು ಅಂದಿನ ಸೋಂಕುಗಳಿಂದ ಭಾಗಿಸಿ ತೋರಿಸುತ್ತಿದ್ದರು.

“ಭಾಗಾಕಾರ ಮಾಡಿ ನೋಡವಾ ತಂಗಿ. ದಿನಾ ಇಳೀಲಿಕ್ಕತ್ತದ. ರೋಗ ಮೆತ್ತಗಾತು. ಇನ್ನ ನಿಮ್ಮ ಆಂಟಿಗೆ ಬೂಸ್ಟರ್ ಯಾಕ?”

ಆಂಟಿಗೆ ಸಕ್ಕರೆ ಕಾಯಿಲೆ, ಉಬ್ಬಸ ಎರಡೂ ಇದ್ದವು. ನಾನು ಒದ್ದೆ ಟವೆಲ್ ಕೈಯಲ್ಲೇ ಹಿಡಿದು ಹೇಳುತ್ತಿದ್ದೆ: “ಅಂಕಲ್, ಇವತ್ತು ಸತ್ತವರಿಗೆ ಸೋಂಕು ತಗಲಿದ್ದು ಎರಡು ಮೂರು ವಾರದ ಹಿಂದೆ. ಇವತ್ತು ಸೋಂಕು ಬಂದವರ ಗತಿ ಇನ್ನೂ ಗೊತ್ತಿಲ್ಲ. ಸೋಂಕು ಏರೋವಾಗ ನಿಮ್ಮ ಲೆಕ್ಕ ಇಳಿದೇ ಇಳಿಯತ್ತೆ. ಅಲ್ಲದೆ, ಜನ ಲಸಿಕೆ ತಗೊಂಡಿದ್ದಕ್ಕೇ ಸಾವು ಕಡಿಮೆಯಾಗಿರೋದು.”

“ಅದನ್ನ ಹೇಳೂದು ನಾನು. ಎಲ್ಲಾರೂ ತಗೊಂಡಾರಲ್ಲ, ಸಾಕು!” ಎಂದು ಹಾಳೆ ಮಗುಚುತ್ತಿದ್ದರು. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಒಂದು ಶನಿವಾರ ಮತ್ತೆ ಇದೇ ವಾದ ನಡೆದಿತ್ತು. ಆಂಟಿ ಸ್ವೆಟರ್, ಬೂಟು ಹಾಕಿಕೊಂಡು ಹೊರಗೆ ಬಂದವರೇ ನೆಟ್ಟಗೆ ನಮ್ಮ ಕಾರಿನ ಬಾಗಿಲು ತೆಗೆದು ಕೂತುಬಿಟ್ಟರು.

“ಲಸಿಕಿ ಹಾಕೂ ಫಾರ್ಮಸಿಗೆ ನಡಿ ತಂಗಿ. ನೀವಿಬ್ಬರೂ ವಾದ ಮುಗಸೂದ್ರಾಗ ನಾನ ಮುಗದು ಹೋಗ್ತೀನಿ.”

ಅಂಕಲ್ ತಡೆಯಲಿಲ್ಲ. ಕಾರು ಹೊರಟ ಮೇಲೆ ಗೇಟಿನವರೆಗೂ ಓಡಿ ಬಂದು ಕೂಗಿದರು:

“ಎಡಗೈಗೆ ಚುಚ್ಚಿಸ್ಕೊ! ನಾಳೆ ರೊಟ್ಟಿ ಬಡೀಬೇಕು!”